ಗಲಾಟೆ ಪಿಸಿಗೆ ಸ್ಪಂಜೋ, ನಾರೋ, ಟ್ಯೂಬೋ?

ರಾತ್ರಿ ಹನ್ನೊಂದೂವರೆ. ತುಮಕೂರಿನ ನಮ್ಮ ಹತ್ತು ಅಡಿ ಅಗಲದ ಬಾಡಿಗೆ ರೂಮಿನಲ್ಲಿ ನನ್ನ ಕಂಪ್ಯೂಟರ್ ಒಂದು ಮದುವೆ ವಿಡಿಯೊ ರೆಂಡರ್ ಮಾಡುತ್ತಿತ್ತು. ಎಡಿಟ್ ಮಾಡಿದ ತುಣುಕುಗಳನ್ನೆಲ್ಲ ಸೇರಿಸಿ ಒಂದೇ ಫೈಲ್ ಮಾಡುವ ಕೆಲಸವದು. ಎರಡು ಮೂರು ಗಂಟೆ ಪ್ರೊಸೆಸರ್‌ಗೆ ಬಿಡುವೇ ಇರುವುದಿಲ್ಲ. ಫ್ಯಾನುಗಳು ಗುಂಯ್ ಅನ್ನುತ್ತಿದ್ದವು, ತಗಡಿನ ಡಬ್ಬ ಅದಕ್ಕೆ ತಾಳ ಹಾಕುತ್ತಿತ್ತು. ಕುಣಿಗಲ್‌ ಕಡೆಯ ನನ್ನ ರೂಮ್‌ಮೇಟ್ ಒಂದು ಮಾತೂ ಆಡದೆ ಚಾಪೆ, ಪುಸ್ತಕ, ಚಾರ್ಜಿಂಗ್ ಲೈಟ್ ಎತ್ತಿಕೊಂಡು ಟೆರೇಸ್ ಹತ್ತಿದ. ಅವನ ಕೆಪಿಎಸ್‌ಸಿ ಪರೀಕ್ಷೆಗೆ ಉಳಿದಿದ್ದುದು ಎರಡೇ ತಿಂಗಳು.

ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಹೋದದ್ದೇ ಚುಚ್ಚಿತು. ನನಗೂ ಬೇರೆ ದಾರಿ ಇರಲಿಲ್ಲ. ಹಗಲು ಕಾಲೇಜು, ಸಂಜೆ ಎಡಿಟಿಂಗ್, ರಾತ್ರಿ ರೆಂಡರ್. ನನ್ನ ಪಾಲಿನ ಬಾಡಿಗೆ ಬರುತ್ತಿದ್ದುದೇ ಆ ವಿಡಿಯೊಗಳಿಂದ. ಮೂರು ರಾತ್ರಿ ಅವನು ಟೆರೇಸ್‌ನಲ್ಲೇ ಓದಿದ. ನಾಲ್ಕನೇ ದಿನ ಬೆಳಿಗ್ಗೆ ಟೀ ಕುಡಿಯುವಾಗ, 'ಬೇರೆ ರೂಮ್ ನೋಡ್ಲೇನೋ?' ಎಂದ. ಕೋಪದಲ್ಲಿ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದ. 'ಹದಿನೈದು ದಿನ ಟೈಮ್ ಕೊಡು' ಎಂದೆ.

ಗಲಾಟೆಯಲ್ಲಿ ಅರ್ಧ ತಪ್ಪು ನನ್ನದೇ. ಕೆಲವು ಮದುವೆಗಳಲ್ಲಿ ಬೆಳಗಿನ ಮುಹೂರ್ತದ ವಿಡಿಯೊವನ್ನು ಸಂಜೆಯ ಆರತಕ್ಷತೆಯಲ್ಲೇ ತೋರಿಸಬೇಕು. ಅದಕ್ಕಾಗಿ ಛತ್ರಕ್ಕೆ ಹೊತ್ತೊಯ್ಯಲು ಹಿಡಿ ಇರುವ, ಸಣ್ಣ ಕ್ಯಾಬಿನೆಟ್ ಬೇಕಿತ್ತು. ಬೀರು ಮಾಡುವ ಶೆಡ್ಡಿನಲ್ಲಿ ಅಳತೆ ಕೊಟ್ಟು 22 ಗೇಜ್ ತಗಡಿನಲ್ಲಿ ಮಾಡಿಸಿದ್ದೆ. ನೋಡಲು ಚೆಂದವಿತ್ತು. ಆದರೆ ಅಗಲವಾದ ತೆಳು ತಗಡು ತಮಟೆಯ ಹಾಗೆ ಎಂಬುದು ಆಗ ಹೊಳೆದಿರಲಿಲ್ಲ.

ಸ್ಪಂಜು ಕೊಟ್ಟ ಏಟು

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಸೋಫಾ, ಸೀಟು ಹೊಲಿಯುವ ಅಂಗಡಿಯಿಂದ ಸ್ಪಂಜಿನ ಹಾಳೆ ತಂದು ಕ್ಯಾಬಿನೆಟ್ಟಿನ ಒಳಗೆ ಸುತ್ತಲೂ ಅಂಟಿಸಿದೆ. ಪಕ್ಕದ ಗಾಳಿ ತೂತುಗಳನ್ನೂ ಬಿಡಲಿಲ್ಲ. ಸದ್ದು ಅಲ್ಲಿಂದಲೇ ಬರುತ್ತದಲ್ಲ ಎಂಬ ಲೆಕ್ಕ. ಮೊದಲ ಹತ್ತು ನಿಮಿಷ ನಿಜಕ್ಕೂ ಮೆತ್ತಗಾಯಿತು. ಆಮೇಲೆ ಪ್ರೊಸೆಸರ್ ಬಿಸಿ 95 ಡಿಗ್ರಿ ಮುಟ್ಟಿತು, ಫ್ಯಾನುಗಳು ಪೂರ್ತಿ ವೇಗಕ್ಕೆ ಏರಿದವು. ಮೊದಲಿಗಿಂತ ಜೋರು ಗಲಾಟೆ. ಅದು ಸಾಲದು ಎಂಬಂತೆ, ಬಿಸಿಗೆ ಅಂಟು ಸಡಿಲಾಗಿ ಸ್ಪಂಜಿನ ಒಂದು ತುದಿ ಕಳಚಿ ಫ್ಯಾನಿನ ರೆಕ್ಕೆಗೆ ತಾಗಿತು. ಟೆರೇಸ್‌ನಿಂದ ಇಳಿದು ಬಂದ ಗೆಳೆಯ ಬಾಗಿಲಲ್ಲಿ ನಿಂತು, 'ಏನೋ ಅದು, ಹಿಟ್ಟಿನ ಗಿರಣಿ ಇಟ್ಟಿದ್ದೀಯಾ?' ಎಂದು ಕೇಳಿ ಮತ್ತೆ ಹತ್ತಿ ಹೋದ.

ಕಾಯಿ ಬಡಿದು ನೋಡಿದ ಮಾವ

ಆ ಭಾನುವಾರ ಒಳಗಿನದನ್ನೆಲ್ಲ ಬಿಚ್ಚಿ, ಖಾಲಿ ಡಬ್ಬ ಹೊತ್ತು ಗುಬ್ಬಿ ಬಸ್ ಹತ್ತಿದೆ. ಊರಲ್ಲಿ ಡ್ರಿಲ್ ಇದೆ, ಜಾಗವಿದೆ, ನೋಡಿ ನಗುವವರು ಕಡಿಮೆ. ನಮ್ಮ ಮಾವ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಂಡೆ ಕೊಬ್ಬರಿಗೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ. ನೀರು ಬತ್ತಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಾಗ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಒಡೆಯುವ ಮೊದಲೇ ಕಿವಿಗೆ ಗೊತ್ತಾಗುತ್ತದೆ.

ಮಾವ ನನ್ನ ಡಬ್ಬದ ಪಕ್ಕದ ತಗಡನ್ನು ಬೆರಳ ಗೆಣ್ಣಿನಿಂದ ಬಡಿದರು. ಢಣ್ ಎಂದು ಸದ್ದು ಎಳೆಯಿತು. ಮೂಲೆಯಲ್ಲಿ ಬಡಿದರು, ಟಕ್ ಎಂದು ನಿಂತಿತು. 'ಮಧ್ಯದಲ್ಲಿ ಆಡ್ತೈತೆ ಕಣೋ. ಇದಕ್ಕೆ ಸ್ಪಂಜು ಮೆತ್ತಿದ್ರೆ ಏನು ಬಂತು? ಭಾರ ಹಾಕು' ಎಂದರು. ಆಮೇಲೆ, 'ಯಾವುದು ಸದ್ದು ಮಾಡ್ತೈತೆ ಅಂತ ಮೊದ್ಲು ಕೇಳ್ದೇನು?' ಎಂದರು. ನಾನು ಕೇಳಿರಲಿಲ್ಲ. ಸೀದಾ ಅಂಗಡಿಗೆ ಹೋಗಿದ್ದೆ.

ತುಮಕೂರಿಗೆ ಮರಳಿ ಎಲ್ಲ ಜೋಡಿಸಿ, ತೋಟದಿಂದ ತಂದ ಒಂದು ಮೊಳ ಡ್ರಿಪ್ ಪೈಪ್‌ ಹಿಡಿದು ಕೂತೆ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕ್ಯಾಬಿನೆಟ್ಟಿನ ಒಂದೊಂದು ಜಾಗದ ಹತ್ತಿರ, ಡಾಕ್ಟರ ಸ್ಟೆತಾಸ್ಕೋಪಿನ ಹಾಗೆ. ಆಗ ತಿಳಿಯಿತು, ನಾನು ಒಂದು ಸದ್ದು ಎಂದುಕೊಂಡಿದ್ದರಲ್ಲಿ ಮೂರು ಇದ್ದವು.

ಒಂದು, ಫ್ಯಾನ್ ಗಾಳಿಯನ್ನು ಸೀಳುವ ಭೋರ್. ಇದು ಗಾಳಿಯಲ್ಲೇ ಹುಟ್ಟಿ ತೂತುಗಳ ಮೂಲಕ ಹೊರಬರುತ್ತದೆ. ಎರಡು, ಹಾರ್ಡ್ ಡಿಸ್ಕಿನ ಗುಂಯ್. ನನ್ನದು ನಿಮಿಷಕ್ಕೆ 7200 ಸುತ್ತಿನದು. ಅಂದರೆ ಸೆಕೆಂಡಿಗೆ 120 ಸುತ್ತು, ಸದ್ದೂ 120 ಹರ್ಟ್ಸ್‌ನದು. ಇದು ಸ್ಕ್ರೂಗಳ ಮೂಲಕ ತಗಡಿಗೆ ದಾಟುತ್ತದೆ. ಮೂರು, ಹಾಗೆ ದಾಟಿದ ನಡುಕಕ್ಕೆ ತಗಡೇ ತಮಟೆಯಾಗಿ ಮಾಡುವ ಝೇಂಕಾರ. ಇದನ್ನು ಗುರುತಿಸುವುದು ಸುಲಭ. ಮಷಿನ್ ಓಡುತ್ತಿರುವಾಗ ಪಕ್ಕದ ತಗಡನ್ನು ಅಂಗೈಯಿಂದ ಒತ್ತಿಹಿಡಿಯಿರಿ. ಸದ್ದು ತಗ್ಗಿದರೆ ಕಳ್ಳ ಅಲ್ಲೇ ಇದ್ದಾನೆ. ಹಾರ್ಡ್ ಡಿಸ್ಕಿನ ಪಾಲು ತಿಳಿಯಲು, ಮಷಿನ್ ಆಫ್ ಮಾಡಿ ಅದರ ವೈರ್ ಬಿಚ್ಚಿ ಮತ್ತೆ ಆನ್ ಮಾಡಿ ಕೇಳಿ. ತಿರುಗುತ್ತಿರುವ ಡಿಸ್ಕನ್ನು ಮಾತ್ರ ಅಲ್ಲಾಡಿಸಬೇಡಿ.

ಯಾವುದು ಜೋರು ಎಂದು ಮೊದಲು ಹುಡುಕುವುದಕ್ಕೆ ಕಾರಣವಿದೆ. ಒಂದೇ ಜೋರಿನ ಎರಡು ಸದ್ದುಗಳಲ್ಲಿ ಒಂದನ್ನು ಪೂರ್ತಿ ನಿಲ್ಲಿಸಿದರೂ ಒಟ್ಟು ಸದ್ದು ಇಳಿಯುವುದು 3 ಡೆಸಿಬಲ್ ಮಾತ್ರ. ನಮ್ಮ ಕಿವಿಗೆ 'ಅರ್ಧ ಆಯಿತು' ಅನ್ನಿಸಲು ಸುಮಾರು 10 ಡೆಸಿಬಲ್ ಇಳಿಯಬೇಕು. ಜೋರಿನದನ್ನು ಬಿಟ್ಟು ಸಣ್ಣದರ ಮೇಲೆ ದುಡ್ಡು ಸುರಿದರೆ ಏನೂ ಮಾಡದ ಹಾಗೇ ಇರುತ್ತದೆ.

ಒಂದೊಂದು ವಸ್ತುವಿಗೆ ಒಂದೊಂದು ಕೆಲಸ

ಮೂರು ಬಗೆಯ ಸದ್ದಿಗೆ ಮದ್ದೂ ಮೂರು. ಗಾಳಿಯಲ್ಲಿರುವ ಸದ್ದನ್ನು ಹೀರಬೇಕು, ತಗಡಿನ ನಡುಕವನ್ನು ಭಾರದಿಂದ ತಣಿಸಬೇಕು, ನಡುಕ ದಾಟುವ ದಾರಿಯನ್ನು ಮೆತ್ತನೆಯ ರಬ್ಬರಿನಿಂದ ಕಡಿಯಬೇಕು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ನಾನು ಕೈಯಾರೆ ನೋಡಿದ್ದನ್ನು ಹೇಳುತ್ತೇನೆ.

ಸ್ಪಂಜು: ಇದು ಹೀರುವ ವಸ್ತು. ಕೊಳ್ಳುವ ಮೊದಲು ಬಾಯಿಗೆ ಹಿಡಿದು ಊದಿ. ಉಸಿರು ಆಚೆ ದಾಟಿದರೆ ಅದರ ರಂಧ್ರಗಳು ಒಂದಕ್ಕೊಂದು ಸೇರಿವೆ, ಸದ್ದು ಒಳಹೊಕ್ಕು ಸವೆಯುತ್ತದೆ. ದಾಟದಿದ್ದರೆ ಅದು ಪ್ಯಾಕಿಂಗಿಗೆ ಲಾಯಕ್ಕು, ಸದ್ದಿಗಲ್ಲ. ದಾಟಿದರೂ ತೆಳು ಸ್ಪಂಜು ಹಿಡಿಯುವುದು ಕೀಚಲು ಸದ್ದನ್ನು ಮಾತ್ರ. 120 ಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 2.9 ಮೀಟರ್, ಹೆಚ್ಚುಕಡಿಮೆ ನಮ್ಮ ರೂಮಿನ ಅಗಲ. ಅದಕ್ಕೆ ಒಂದು ಸೆಂಟಿಮೀಟರ್ ಸ್ಪಂಜು ಯಾವ ಲೆಕ್ಕ?

ಥರ್ಮೋಕೋಲ್, ಮೊಟ್ಟೆ ಟ್ರೇ: ಎರಡನ್ನೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಥರ್ಮೋಕೋಲ್‌ನಲ್ಲಿ ಊದಿದ ಉಸಿರು ದಾಟುವುದಿಲ್ಲ, ಭಾರವೂ ಇಲ್ಲ. ಬಿಸಿಯನ್ನು ಮಾತ್ರ ಚೆನ್ನಾಗಿ ಒಳಗೆ ಹಿಡಿದಿಡುತ್ತದೆ. ಮೊಟ್ಟೆ ಟ್ರೇ ತೆಳು ರಟ್ಟು. ಎರಡಕ್ಕೂ ಬೇಗ ಬೆಂಕಿ ಹತ್ತುತ್ತದೆ. ಕಂಪ್ಯೂಟರ್ ಒಳಗೆ ಬೇಡವೇ ಬೇಡ.

ತೆಂಗಿನ ನಾರು: ತುಮಕೂರು ಜಿಲ್ಲೆಯವನಾಗಿ ಇದನ್ನು ಬಿಡುವುದು ಹೇಗೆ? ಮಲೇಷ್ಯಾದ ವಿಶ್ವವಿದ್ಯಾಲಯಗಳಲ್ಲಿ ತೆಂಗಿನ ನಾರಿನ ಹಲಗೆಗಳ ಮೇಲೆ ಪ್ರಯೋಗ ನಡೆದಿವೆ. ನಾರು ಸದ್ದು ಹೀರುತ್ತದೆ, ಆದರೆ ದಪ್ಪವಿರಬೇಕು. ಕೆಳಮಟ್ಟದ ಗುಂಯ್ ಹಿಡಿಯಬೇಕಾದರೆ ಹಿಂದೆ ಗಾಳಿಯ ಜಾಗವನ್ನೂ ಬಿಡಬೇಕು. ನನ್ನ ಡಬ್ಬದಲ್ಲಿ ಅಷ್ಟು ಜಾಗ ಎಲ್ಲಿದೆ? ಜೊತೆಗೆ ನಾರಿನ ಪುಡಿ ಉದುರಿ ಫ್ಯಾನಿಗೂ ಹೀಟ್‌ಸಿಂಕಿಗೂ ಸೇರುತ್ತದೆ. ಬೆಂಕಿಯ ಭಯ ಬೇರೆ. ಹಾಗಾಗಿ ಡಬ್ಬದೊಳಗೆ ಹಾಕಲಿಲ್ಲ. ಆದರೆ ಹಳೆಯ ನಾರಿನ ಹಾಸಿಗೆಯ ಒಂದು ತುಂಡನ್ನು ಮೇಜಿನ ಹಿಂದೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು, ಬಿಸಿಗಾಳಿ ಬರುವ ಜಾಗದಿಂದ ಒಂದೂವರೆ ಅಡಿ ದೂರದಲ್ಲಿ ನಿಲ್ಲಿಸಿದೆ. ಕ್ಯಾಬಿನೆಟ್ಟಿನ ಬೆನ್ನಿನಿಂದ ಹೊರಟು ಬರಿಗೋಡೆಗೆ ಬಡಿದು ಗೆಳೆಯನ ಮಂಚದ ಕಡೆ ತಿರುಗುತ್ತಿದ್ದ ಸದ್ದು ಅಲ್ಲಿ ಸ್ವಲ್ಪ ಸವೆಯಿತು. ನಾರಿಗೆ ಸರಿಯಾದ ಜಾಗ ಡಬ್ಬವಲ್ಲ, ರೂಮು.

ತಗಡಿಗೆ ಭಾರ: ಕಾರಿನ ಬಾಗಿಲುಗಳ ಒಳಗೆ ಅಂಟಿಸುವ ಕಪ್ಪು ಹಾಳೆ ಕಾರ್ ಡೆಕೋರ್ ಅಂಗಡಿಗಳಲ್ಲಿ ಸಿಗುತ್ತದೆ. ಡಾಂಬರಿನ ಜಾತಿಯದು ಒಂದು, ಮೇಲೆ ಅಲ್ಯೂಮಿನಿಯಂ ಹಾಳೆಯಿರುವ ಬ್ಯೂಟೈಲ್ ರಬ್ಬರಿನದು ಇನ್ನೊಂದು. ತಗಡು ನಡುಗಿದಾಗ ನಡುವಿನ ಅಂಟುಪದರ ಹಿಂದೆಮುಂದೆ ಎಳೆದಾಡಿ ಆ ಶಕ್ತಿಯನ್ನು ಬಿಸಿಯಾಗಿಸಿ ಮುಗಿಸುತ್ತದೆ. ಇಡೀ ತಗಡು ಮುಚ್ಚಬೇಕಿಲ್ಲ. ಹೆಚ್ಚು ಆಡುವ ಮಧ್ಯಭಾಗಕ್ಕೆ ಅಂಟಿಸಿದರೆ ಬಹುಪಾಲು ಕೆಲಸ ಆಗುತ್ತದೆ. ಸದ್ದಿಲ್ಲದ ಕ್ಯಾಬಿನೆಟ್‌ಗಳಿಗೆ ಹೆಸರಾದ ಸ್ವೀಡನ್ನಿನ ಫ್ರಾಕ್ಟಲ್ ಡಿಸೈನ್ ಕಂಪನಿಯ 'ಡಿಫೈನ್' ಸರಣಿಯ ತಗಡುಗಳ ಒಳಮೈಗೂ ಇಂಥದೇ ದಟ್ಟ ಹಾಳೆ ಅಂಟಿಸಿರುತ್ತಾರೆ.

ಕುಣಿಗಲ್‌ನ ಪಂಕ್ಚರ್ ಅಂಗಡಿ

ಕಾರಿನ ಹಾಳೆಯ ಬೆಲೆ ಕೇಳಿ ಬಂದ ದಿನ ರೂಮಿನಲ್ಲಿ ಗೊಣಗುತ್ತಿದ್ದೆ. ಗೆಳೆಯ ಪುಸ್ತಕದಿಂದ ತಲೆ ಎತ್ತಿ, 'ಬ್ಯೂಟೈಲ್ ಅಂದ್ಯಲ್ಲ, ಲಾರಿ ಟ್ಯೂಬೂ ಅದೇ ಅಲ್ವೇನೋ?' ಎಂದ. ಅವರಪ್ಪನದು ಕುಣಿಗಲ್‌ನಲ್ಲಿ ಪಂಕ್ಚರ್ ಅಂಗಡಿ. ಬೆಂಗಳೂರು–ಮಂಗಳೂರು ಹೆದ್ದಾರಿಯ ಲಾರಿಗಳೇ ಅವರಿಗೆ ಗಿರಾಕಿ. ಶನಿವಾರ ಅವನು ಊರಿಗೆ ಹೊರಟಾಗ ನಾನೂ ಜೊತೆಗೆ ಹೋದೆ.

'ಅಂಕಲ್, ಬ್ಯೂಟೈಲ್ ಟ್ಯೂಬ್ ಯಾವುದು ಅಂತ ಹೇಗೆ ಗೊತ್ತಾಗುತ್ತೆ?' ಎಂದು ಕೇಳಿದೆ. ಅವರು ಎರಡು ತುಂಡು ಕತ್ತರಿಸಿ, ಸುರುಳಿ ಸುತ್ತಿ, ಒಂದೊಂದಾಗಿ ನೆಲಕ್ಕೆ ಹಾಕಿದರು. ಒಂದು ಚಂಗನೆ ಪುಟಿಯಿತು. ಇನ್ನೊಂದು ಸತ್ತಂತೆ ಬಿತ್ತು. 'ಇದು ಬ್ಯೂಟೈಲ್ ಕಣಪ್ಪ. ಗಾಳಿನೂ ಬಿಡಲ್ಲ, ಪುಟಿಯೋದೂ ಇಲ್ಲ' ಎಂದರು. ಟ್ಯೂಬಿಗೆ ಈ ರಬ್ಬರ್ ಬಳಸುವುದು ಗಾಳಿ ಬೇಗ ಸೋರುವುದಿಲ್ಲ ಎಂಬ ಕಾರಣಕ್ಕೆ. ನನಗೆ ಬೇಕಾದದ್ದು ಅದರ ಎರಡನೆಯ ಗುಣ. ಬಿದ್ದ ಏಟನ್ನು ಮರಳಿ ಕೊಡದೆ ಒಳಗೇ ನುಂಗಿಕೊಳ್ಳುವುದು ತಾನೆ ನಡುಕಕ್ಕೆ ಮದ್ದು?

ಹಳೆಯ ಟ್ಯೂಬನ್ನು ಸೋಪಿನಿಂದ ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ ವಾಸನೆ ಕಳೆದೆ. ತಗಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ರಬ್ಬರ್ ಅಂಟು ಹಚ್ಚಿ, ಎರಡೂ ಪಕ್ಕದ ತಗಡಿನ ಮಧ್ಯಕ್ಕೆ ಎರಡು ಪದರ ಅಂಟಿಸಿ, ಮೇಲೆ ಇಟ್ಟಿಗೆ ಹೇರಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಬಡಿದರೆ ಢಣ್ ಇರಲಿಲ್ಲ, ಟಪ್ ಎಂದಿತು. ಸೈಕಲ್ ಟ್ಯೂಬಿನ ಪಟ್ಟಿಗಳಿಂದ ಹಾರ್ಡ್ ಡಿಸ್ಕನ್ನು ಎಲ್ಲೂ ತಗಡಿಗೆ ತಾಗದಂತೆ ಬಿಗಿಯಾಗಿ ತೂಗುಹಾಕಿದೆ. ಕ್ಯಾಬಿನೆಟ್ಟಿನ ನಾಲ್ಕು ಕಾಲಿಗೂ ರಬ್ಬರ್ ತುಂಡು ಕೊಟ್ಟೆ.

ಇಲ್ಲಿ ಎರಡು ಎಚ್ಚರಿಕೆ. ಕಪ್ಪು ರಬ್ಬರಿನಲ್ಲಿ ಇಂಗಾಲದ ಪುಡಿ ಇರುತ್ತದೆ, ಅದು ಕರೆಂಟ್ ಹರಿಸಬಲ್ಲದು. ಕಾರಿನ ಹಾಳೆಯ ಅಲ್ಯೂಮಿನಿಯಂ ಅಂತೂ ಹರಿಸಿಯೇ ಹರಿಸುತ್ತದೆ. ಎರಡೂ ಮದರ್‌ಬೋರ್ಡಿಗೆ ತಾಗಕೂಡದು. ಇನ್ನು, ತೂಗುಹಾಕಿದ ಡಿಸ್ಕ್ ಇರುವ ಮಷಿನನ್ನು ಹಾಗೇ ಬಸ್ಸಿನಲ್ಲಿ ಒಯ್ಯಬೇಡಿ. ನಾನು ಛತ್ರಕ್ಕೆ ಹೋಗುವಾಗ ಡಿಸ್ಕ್ ಬಿಚ್ಚಿಟ್ಟು, ಸದ್ದೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಕೆಲಸ ಮಾಡುತ್ತೇನೆ.

ಛತ್ರದ ಜನರೇಟರ್ ಹೇಳಿಕೊಟ್ಟ ಪಾಠ

ಇನ್ನು ಉಳಿದದ್ದು ಗಾಳಿಯ ಭೋರ್. ಇದರ ತೊಡಕು ದೊಡ್ಡದು. ಡಬ್ಬದ ಮೈಯಲ್ಲಿ ಹತ್ತರಲ್ಲಿ ಒಂದು ಪಾಲು ತೂತಿದ್ದರೆ, ಉಳಿದ ಒಂಬತ್ತು ಪಾಲನ್ನು ಎಂಥ ಗೋಡೆಯಿಂದ ಮುಚ್ಚಿದರೂ ಹೊರಬರುವ ಸದ್ದು 10 ಡೆಸಿಬಲ್‌ಗಿಂತ ಹೆಚ್ಚು ಇಳಿಯದು. ತೂತು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಸ್ಪಂಜು ಆಗಲೇ ಕಲಿಸಿತ್ತು.

ಉತ್ತರ ಸಿಕ್ಕಿದ್ದು ಒಂದು ಮದುವೆ ಛತ್ರದ ಹಿಂದೆ. ಅಲ್ಲಿನ ಜನರೇಟರ್ ಸುತ್ತ ದೊಡ್ಡ ಪೆಟ್ಟಿಗೆ ಇರುತ್ತದಲ್ಲ, ಅದು ಕಾನೂನಿನ ಫಲ. 2005ರ ಜನವರಿಯಿಂದ ಈಚೆಗೆ ತಯಾರಾದ 1000 ಕೆವಿಎವರೆಗಿನ ಡೀಸೆಲ್ ಜನರೇಟರ್‌ಗಳ ಸದ್ದಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮಿತಿ ಹಾಕಲಾಯಿತು. ಅಂಥ ಎಂಜಿನ್‌ಗೆ ಎಷ್ಟು ಗಾಳಿ ಬೇಕು! ಆದರೂ ಸದ್ದು ತಡೆಯುತ್ತಾರೆ. ಹೇಗೆಂದು ಇಣುಕಿ ನೋಡಿದೆ. ಗಾಳಿ ನೇರವಾಗಿ ಹೋಗುವುದಿಲ್ಲ, ಒಳಗೆ ಹೀರುವ ವಸ್ತು ಹಾಸಿದ ದಾರಿಯಲ್ಲಿ ತಿರುವಿ ಹೋಗುತ್ತದೆ. ಗಾಳಿ ತಿರುಗಿ ಸಾಗುತ್ತದೆ, ಸದ್ದು ಮಾತ್ರ ತಿರುವಿನಲ್ಲಿ ಹಾಸಿಗೆ ಬಡಿದು ಸವೆಯುತ್ತದೆ.

ನಾನೂ ಹಾಗೇ ಮಾಡಿದೆ. ಪಕ್ಕದ ತೂತುಗಳ ಸ್ಪಂಜು ಕಿತ್ತೆ. ಮುಂದಿನ ಫ್ಯಾನಿನ ಎದುರು ಮೂರು ಬೆರಳು ಜಾಗ ಬಿಟ್ಟು ಒಂದು ಅಡ್ಡ ಹಲಗೆ ನಿಲ್ಲಿಸಿ, ಅದರ ಒಳಮೈಗೆ ಮಾತ್ರ ಸ್ಪಂಜು ಹಾಕಿದೆ. ಗಾಳಿ ಈಗ ಪಕ್ಕದಿಂದ ಬಳಸಿ ಬರುತ್ತದೆ. ಅಷ್ಟು ಸ್ಪಂಜು ಸಾಕಿತ್ತು. ಅದೂ ಸೀಟಿನ ಸ್ಪಂಜಲ್ಲ, ಬೆಂಕಿ ಹರಡದಂತೆ ತಯಾರಿಸಿದ್ದು. ಸೋಫಾದ ಮಾಮೂಲಿ ಸ್ಪಂಜು ಉರಿದರೆ ಬರುವ ಹೊಗೆ ವಿಷ. ಪುಟ್ಟ ಚೂರೊಂದನ್ನು ಮನೆಯ ಹೊರಗೆ, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ. ಕಡ್ಡಿ ತೆಗೆದ ಮೇಲೂ ಉರಿಯುತ್ತಲೇ ಇದ್ದರೆ ಅದು ಕಂಪ್ಯೂಟರಿಗೆ ಬೇಡ. ಪವರ್ ಸಪ್ಲೈ ಹತ್ತಿರ ಯಾವ ಸ್ಪಂಜೂ ಬೇಡ.

ದುಡ್ಡಿಲ್ಲದ ಮದ್ದು ಕೊನೆಗೆ

ಮೊದಲೇ ಮಾಡಬೇಕಿದ್ದನ್ನು ನಾನು ಕೊನೆಗೆ ಮಾಡಿದೆ. ಫ್ಯಾನಿಗೆ ಮೆತ್ತಿದ್ದ ದೂಳು ಬ್ರಷ್‌ನಿಂದ ಒರೆಸಿದೆ. ಬಯೋಸ್‌ಗೆ ಹೋಗಿ ಕ್ಯಾಬಿನೆಟ್ ಫ್ಯಾನಿನ ವೇಗವನ್ನು ನಿಮಿಷಕ್ಕೆ 1400 ಸುತ್ತಿನಿಂದ 800ಕ್ಕೆ ಇಳಿಸಿದೆ. ಫ್ಯಾನ್ ಕೊಡುವ ಗಾಳಿ ವೇಗ ತಗ್ಗಿದಷ್ಟೇ ತಗ್ಗುತ್ತದೆ, ಆದರೆ ಸದ್ದು ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಎಂಜಿನಿಯರುಗಳ ಸೂತ್ರದಂತೆ ಇಷ್ಟು ಇಳಿಸಿದರೆ ಸುಮಾರು 12 ಡೆಸಿಬಲ್ ಕಡಿಮೆ. ಯಾವ ಸ್ಪಂಜೂ, ಯಾವ ನಾರೂ ಇಷ್ಟು ಕೊಡುವುದಿಲ್ಲ. ರೆಂಡರ್ ಮಾಡುವಾಗ ಬಿಸಿ ಮೊದಲಿಗಿಂತ ಏಳು ಡಿಗ್ರಿ ಏರಿ 79ಕ್ಕೆ ನಿಂತಿತು, ಪರವಾಗಿಲ್ಲ. ಬೇಸಿಗೆಯಲ್ಲಿ ವೇಗ ತುಸು ಏರಿಸಬೇಕಾಗಬಹುದು. ಬಿಸಿ ತೋರಿಸುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಮೊದಲ ವಾರ ಕಣ್ಣಿಟ್ಟಿರಿ.

ಮೊಬೈಲ್‌ನ ಡೆಸಿಬಲ್ ಆ್ಯಪ್‌ ತೋರಿಸುವ ಅಂಕಿಯನ್ನು ಅಳತೆ ಎಂದು ನಂಬಬೇಡಿ. ಒಂದೇ ಮೊಬೈಲ್, ಒಂದೇ ಜಾಗ, ಒಂದೇ ದೂರ ಇಟ್ಟು 'ಮೊದಲು, ಆಮೇಲೆ' ಹೋಲಿಸಲು ಸಾಕು. ನಾನು ಮೊಬೈಲ್ ಇಟ್ಟದ್ದು ಗೆಳೆಯನ ದಿಂಬಿನ ಮೇಲೆ. ಸದ್ದು ತಗ್ಗಬೇಕಿದ್ದುದು ಅಲ್ಲಿಯೇ ತಾನೆ?

ನೀವು ಕೈಹಾಕುವುದಾದರೆ ಈ ಕ್ರಮ ಹಿಡಿಯಿರಿ. ಮೊದಲು ಕೇಳಿ, ಯಾವುದು ಜೋರು ಎಂದು ಗುರುತಿಸಿ. ದೂಳು ತೆಗೆಯಿರಿ, ಸಡಿಲ ಸ್ಕ್ರೂ ಬಿಗಿ ಮಾಡಿ, ಫ್ಯಾನಿನ ವೇಗ ಇಳಿಸಿ. ಆಮೇಲೆ ಹಾರ್ಡ್ ಡಿಸ್ಕಿಗೂ ಕಾಲುಗಳಿಗೂ ರಬ್ಬರ್ ಕೊಡಿ. ಆಮೇಲೆ ತಗಡಿಗೆ ಭಾರ. ಸ್ಪಂಜು ಎಲ್ಲಕ್ಕಿಂತ ಕೊನೆಗೆ, ಅದೂ ಗಾಳಿಯ ದಾರಿ ಬಿಟ್ಟು. ನಾನು ತಲೆಕೆಳಗಾಗಿ ಹೋಗಿದ್ದರಿಂದ ಹದಿನೈದು ದಿನ ಹಿಡಿಯಿತು. ಸರಿಯಾದ ಕ್ರಮದಲ್ಲಿ ಹೋದರೆ ಎರಡು ಭಾನುವಾರ ಸಾಕು.

ಹದಿನಾಲ್ಕನೇ ರಾತ್ರಿ ರೆಂಡರ್‌ಗೆ ಹಾಕಿ ನಾನು ಮಲಗಿದೆ. ಗೆಳೆಯ ಚಾಪೆ ಎತ್ತಲಿಲ್ಲ, ಮೇಜಿನ ಮುಂದೆ ಕೂತು ಓದುತ್ತಿದ್ದ. ಒಂದು ಗಂಟೆಯಾದ ಮೇಲೆ, 'ಲೋ, ಒಂದು ಸದ್ದು ಬರ್ತಿದೆ' ಎಂದ. ಎದೆ ಧಸಕ್ಕೆಂದಿತು. ಎದ್ದು ಕೂತು ಇಬ್ಬರೂ ಕಿವಿಗೊಟ್ಟೆವು. ಟಕ್, ಟಕ್, ಟಕ್. ತಲೆಯ ಮೇಲಿನ ಸೀಲಿಂಗ್ ಫ್ಯಾನ್! ಇಷ್ಟು ದಿನವೂ ಹಾಗೇ ಹೊಡೆದುಕೊಳ್ಳುತ್ತಿತ್ತಂತೆ, ನನ್ನ ಡಬ್ಬದ ಗಲಾಟೆಯಲ್ಲಿ ಯಾರಿಗೂ ಕೇಳಿರಲಿಲ್ಲ.

ಅವನ ಪರೀಕ್ಷೆ ಮುಗಿದಿದೆ, ಫಲಿತಾಂಶಕ್ಕೆ ಕಾಯುತ್ತಿದ್ದಾನೆ. ರೂಮು ಬಿಟ್ಟಿಲ್ಲ. ಸೀಲಿಂಗ್ ಫ್ಯಾನಿನ ಬೇರಿಂಗ್ ಬದಲಿಸುವ ಖರ್ಚು ಯಾರದು ಎಂಬ ಬಗ್ಗೆ ಮಾತುಕತೆ ನಡೆದಿದೆ.